ಗುಡ್ಡೆಯ ಉಪ್ಪು

ದೋಣಿಯಿಂದ ಇಳಿಯುವ ಮೊದಲೇ ಕೇಳಿದಳು ಅಕ್ಕು ಮರಕಾಲ್ತಿ:
"ಎಂತದಾ ಬೊನಿ, ಕೈಯಂಗೆ?"
ಉಪ್ಪು, ಅಂದೆ.
ನಕ್ಕಳು. ಮೂರು ಹಲ್ಲು, ಎಲೆಯಡಿಕೆಯ ಕೆಂಪು.
ಉಪ್ಪೂರಿನ ಕಡವು ದಾಟಿ, ಈ ಕುದ್ರುವಿಗೆ,
ಅದೂ ಅವಳಿಗೆ, ಉಪ್ಪು!

ಕೂತೆವು ಹಳೆಯ ಕಟ್ಟದ ಮೇಲೆ.
ಎದುರಿಗೆ ಅವಳ ಗದ್ದೆಗಳು: ಈಗ ಕಾಂಡ್ಲ, ಕೆಸರು,
ಇಳಿತದ ನೀರಲ್ಲಿ ಒಂಟಿಕಾಲಿನ ಕೊಕ್ಕರೆ.
ಅಂಚಿನ ಕಲ್ಲುಗಳು ಮಾತ್ರ ಅಲ್ಲಲ್ಲಿ
ಚೌಕ ಬಿಡಿಸುತ್ತಿವೆ ಇನ್ನೂ,
ಸ್ಲೇಟಿನಲ್ಲಿ ಒರೆಸಿದರೂ ಹೋಗದ ಮಗ್ಗಿಯ ಹಾಗೆ.

ಇಪ್ಪತ್ತಾರು ವರ್ಷ ಹಡಗಿನ ಅಡುಗೆಯವ ನಾನು,
ಹತ್ತು ದೇಶದ ನಾಲಿಗೆಗಳಿಗೆ
ಒಂದೇ ಚಮಚದಿಂದ ಉಪ್ಪು ಹಾಕಿದವ.
ಪೆರುವಿನ ಬಂದರಿನಲ್ಲಿ ಎಂಜಿನ್ ಕೆಟ್ಟು
ಒಂಬತ್ತು ದಿನ ನಿಂತೆವು.
ಬಸ್ಸು ಹತ್ತಿದೆ, ಮತ್ತೊಂದು ಬಸ್ಸು, ಕೊನೆಗೊಂದು ಟೆಂಪೊ.
ಉಸಿರು ಸಾಲದ ಎತ್ತರ,
ಕಿವಿಯೊಳಗೆ ಚಂಡೆ.
ಒಂದು ತಿರುವಿನಲ್ಲಿ ಗುಡ್ಡೆ ತಟಕ್ಕನೆ ಬೆಳ್ಳಗಾಯಿತು.

ಹೇಗೆ ಹೇಳುವುದು ಅಕ್ಕುವಿಗೆ?
ಕಡಲಿಲ್ಲ, ಅಂದೆ. ಕಡಲಿನ ವಾಸನೆಯೂ ಇಲ್ಲ.
ಬಂಡೆಯ ಸಂದಿನಿಂದ ಒಂದು ತೊರೆ,
ನನ್ನ ಅಂಗೈಯಷ್ಟೇ ಅಗಲ, ಬೆಚ್ಚಗೆ,
ಉಪ್ಪು ಹಾಕಿಟ್ಟ ಬಂಗಡೆಯ ಭರಣಿಗಿಂತ ಉಪ್ಪು.
ಅದನ್ನು ಕಾಲುವೆಯಲ್ಲಿ ನಡೆಸಿ, ತಿರುಗಿಸಿ, ಪಾಲು ಮಾಡಿ,
ಮೆಟ್ಟಿಲು ಮೆಟ್ಟಿಲಾಗಿ ಸಾವಿರಾರು ಗುಂಡಿ,
ಒಂದೊಂದು ನಿನ್ನ ಚಾಪೆಯಷ್ಟು;
ಒಂದು ಬಿಳಿ, ಒಂದು ಕಂದು, ಒಂದು ಇನ್ನೂ ಬರೀ ಆಕಾಶ.

ಅವಳಿಗೆ ಆಕಾಶ ಬೇಕಾಗಿರಲಿಲ್ಲ.
"ಅಲ್ಲ್ ಮಳೆ ಬಂದ್ರೆ ಎಂತ ಮಾಡ್ತ್ರ್?"
ಸುಮ್ಮನಿರುತ್ತಾರೆ, ನಿಮ್ಮ ಹಾಗೆ.
"ನೆಲ ತುಳಿತ್ರಾ?"
ತುಳಿಯುತ್ತಾರೆ, ಬರಿಗಾಲಲ್ಲಿ, ಗಟ್ಟಿಯಾಗುವ ತನಕ.
"ಗಂಡ್ಸ್ರಾ, ಹೆಂಗ್ಸ್ರಾ?"
ಇಬ್ಬರೂ.
"ಹಿಮ್ಮಡಿ ಒಡಿತ್ತಾ?"
ನೋಡಲಿಲ್ಲ, ಅಂದೆ.
"ಮತ್ತೆ ಎಂತ ಕಂಡದ್ದಾ ನೀನ್, ಅಷ್ಟ್ ದೂರ ಹೋಯಿ?"

ಕಾಲು ಚಾಚಿದಳು ನನ್ನೆದುರು.
ಗದ್ದೆ ಮುಚ್ಚಿ ಮೂವತ್ತೈದು ವರ್ಷ,
ಬಿರುಕುಗಳು ಮುಚ್ಚಿಲ್ಲ.
ಇದೇ ಕಾಲು ಶನಿವಾರ ಶನಿವಾರ
ಕಲ್ಯಾಣಪುರದ ನಮ್ಮ ಅಂಗಳಕ್ಕೆ ಬರುತ್ತಿತ್ತು,
ತಲೆಯ ಮೇಲೆ ಬುಟ್ಟಿ, ಬುಟ್ಟಿಯಿಂದ ಬೆನ್ನಿಗೆ ತೊಟ್ಟಿಕ್ಕುವ ನೀರು.
ಸೇರು ತುಂಬಿ ಮೇಲೊಂದು ಹಿಡಿ ನನ್ನ ಅಮ್ಮನಿಗೆ ಹೆಚ್ಚು.
ದೀಪ ಹೊತ್ತಿದ ಮೇಲೆ ಉಪ್ಪು ಕೊಡಬಾರದೆಂದು
ಓಡುತ್ತಿದ್ದಳು ಉಳಿದ ಮನೆಗಳಿಗೆ.
ನಾನು ಅವಳ ಮುಖ ನೋಡಿದ್ದೇ ಕಡಿಮೆ.

ಪೊಟ್ಟಣ ಬಿಚ್ಚಿದೆ. ಅರ್ಥವಾಗದ ಪತ್ರಿಕೆ,
ಅರ್ಧ ಹರಿದ ಫುಟ್‌ಬಾಲ್ ಆಟಗಾರ,
ಅವನ ಮೊಣಕಾಲ ಮೇಲೆ ನಸುಗೆಂಪು ಹರಳು.
ಅವಳು ಬಾಯಿಗೆ ಹಾಕಲಿಲ್ಲ.
ಬೆರಳ ನಡುವೆ ಉಜ್ಜಿ, ಕಿವಿಯ ಹತ್ತಿರ ಹಿಡಿದಳು.
"ಕಡೇ ಕೆರ್ತ. ಮಣ್ಣ್ ಸೇರಿತ್ತ್.
ಗಡಿಬಿಡಿ ಇತ್ತ್ ಅವ್ಳಿಗೆ."

ಅವಳಿಗೆ ಎಂದು ನಾನು ಹೇಳಿರಲಿಲ್ಲ.
ಹೌದು, ಕೊಟ್ಟದ್ದು ಒಬ್ಬ ಹೆಂಗಸು,
ಹಲಗೆಯಲ್ಲಿ ಕೆರೆಯುತ್ತ, ನಡುನಡುವೆ ಕತ್ತೆತ್ತಿ
ಕಣಿವೆಯಾಚೆಯ ಮೋಡದ ಕಡೆ ನೋಡುತ್ತಿದ್ದಳು.
ಕಂಡಿದ್ದೆ ಅದನ್ನು.
ಕಂಡಿದ್ದೆನೆಂದು ಈಗ ತಿಳಿಯಿತು.

"ಕಡ್ಲ್ ಗುಡ್ಡೆ ಹತ್ತದ್ದ್ ಯಾವಾಗ?"
ಹಿಂದೆ ಯಾವಾಗಲೋ ಅಲ್ಲಿ ಕಡಲೇ ಇತ್ತಂತೆ, ಅಂದೆ,
ಆಮೇಲೆ ನೆಲವೇ ಎದ್ದಿತಂತೆ.
ಬಹಳ ಹೊತ್ತು ಕಾಂಡ್ಲದ ಬೇರು ನೋಡಿದಳು.
"ಹತ್ತದ್ದಲ್ಲ ಮಗಾ. ಬಿಟ್ಟ್ ಹೋದ್ದ್."

ಒಳಗಿನಿಂದ ಕುಚ್ಚಲಕ್ಕಿ ಗಂಜಿ ತಂದಳು.
ಎರಡು ವರ್ಷವಾಯಿತು ಡಾಕ್ಟರು ಉಪ್ಪು ಬಿಡಿಸಿ;
ದಿನಾ ಬೆಳಿಗ್ಗೆ ಒಂದು ಬಿಳಿ ಮಾತ್ರೆ.
ಹೇಳಲಿಲ್ಲ.
ಮಣ್ಣು ಸೇರಿದ ಆ ಉಪ್ಪಿನದೇ ಚಿಟಿಕೆ
ಬಟ್ಟಲಿಗೆ ಉದುರಿಸಿ, ಬೆರಳಲ್ಲೇ ಕಲಸಿ ಕೊಟ್ಟಳು.
"ಸಾಕಾ?"

ಭರತ ಏರುತ್ತಿತ್ತು.
ಒಂದು ಚೌಕ ಮುಳುಗಿತು, ಅದರ ಪಕ್ಕದ್ದೂ.
ದೋಣಿಯವ ಆಚೆ ದಡದಿಂದ ಕೂಗುತ್ತಿದ್ದ.

ಇನ್ನೊಂಚೂರು, ಅಂದೆ.