ತಲೆ ತಪ್ಪಿಸಿಕೊಂಡವನು

ನಲವತ್ತೊಂದು ವರ್ಷ ಈ ಊರಿನ ತಲೆಗಳನ್ನು ನಾನೇ ನೋಡಿಕೊಂಡೆ.
ತಾಮ್ರದ ಗಣಿ ಮುಚ್ಚಿತು, ರೈಲು ನಿಂತಿತು,
ಕೂದಲು ಮಾತ್ರ ಬೆಳೆಯುವುದನ್ನು ಬಿಡಲಿಲ್ಲ.
ಅದೊಂದೇ ನನ್ನ ಧೈರ್ಯ.
ಸುಪೀರಿಯರ್ ಸರೋವರದ ಮೇಲಿಂದ ಹಿಮ ಬಂದು
ಬಾಗಿಲ ಹಿಡಿಯ ಮಟ್ಟಕ್ಕೆ ಕೂತ ದಿನವೂ
ಸಲಿಕೆಯಲ್ಲಿ ದಾರಿ ತೆಗೆದುಕೊಂಡು ಬಂದು
ನನ್ನ ಕೆಂಪು ಕುರ್ಚಿಯಲ್ಲಿ ಬೂಟು ಕರಗಿಸುತ್ತಿದ್ದರು.
ಯಾರ ನೆತ್ತಿಗೆ ಎರಡು ಸುಳಿ,
ಯಾರ ಕಿವಿಯ ಹಿಂದೆ ಗಣಿಯ ಕಲ್ಲು ಬಿದ್ದ ಕಲೆ,
ಹೆಂಡಂದಿರಿಗೂ ತಿಳಿಯದ್ದು ನನ್ನ ಬಾಚಣಿಗೆಗೆ ತಿಳಿದಿತ್ತು.

ಎಯ್ನೊ ಲಂಪೇನನ್ ಒಬ್ಬ
ಎಂಬತ್ತೇಳರ ವಸಂತದಿಂದ ಬರಲಿಲ್ಲ.

ಅಂಚೆ ಕಚೇರಿಯ ಸಾಲಿನಲ್ಲಿ ಹಿಂದಿನಿಂದ ನೋಡಿದೆ.
ಕೂದಲೆಲ್ಲ ಒಂದೇ ಉದ್ದ,
ಕುರಿ ಅಳತೆಪಟ್ಟಿ ಹಿಡಿದು ಮೇದ ಹುಲ್ಲಿನ ಹಾಗೆ.
ಯಾರ ಹತ್ತಿರ ಹೋಗಿ ಬಂದ?
ಹಾರ್ಡ್‌ವೇರ್ ಅಂಗಡಿಯ ವಿಯೆನೊ ನಗು ತಡೆಯಲಾರದೆ ಹೇಳಿದಳು:
ನಡುರಾತ್ರಿ ಟಿವಿಯಲ್ಲಿ ತೋರಿಸುತ್ತಾರಲ್ಲ, ಅದು.
ಕಸ ಹೀರುವ ಯಂತ್ರದ ಕೊಳವೆಗೆ ಸಿಕ್ಕಿಸುವುದಂತೆ.
ಗಾಳಿ ಕೂದಲನ್ನು ಒಳಗೆಳೆಯುತ್ತದಂತೆ,
ಒಳಗಿನ ಬ್ಲೇಡು ಕಚ್ಚಿ ಬಿಡುತ್ತದಂತೆ,
ಉಳಿದದ್ದೆಲ್ಲ ಸೀದಾ ಚೀಲಕ್ಕೆ.

ಕಂಬಳಿ ಗುಡಿಸುವುದಕ್ಕೆ ತಲೆ ಕೊಟ್ಟನೆ!
ಮೂವತ್ತು ವರ್ಷ ನಾನು ಅವನನ್ನು ಹೀಗೇ ಆಡಿಕೊಂಡೆ,
ಕುರ್ಚಿಯಲ್ಲಿ ಕೂತವರ ಕಿವಿಗೆಲ್ಲ ಹಾಕಿದೆ.
ಅವರು ನಕ್ಕರು. ಕತ್ತರಿ ನನ್ನ ಕೈಯಲ್ಲಿತ್ತು,
ನಗದೆ ಇನ್ನೇನು ಮಾಡಿಯಾರು.
ಅವನೋ, ನನ್ನ ಅಂಗಡಿ ಬಂದರೆ ರಸ್ತೆ ದಾಟಿ
ತಲೆ ತಪ್ಪಿಸಿಕೊಂಡು ನಡೆಯುತ್ತಿದ್ದ.
ಅಷ್ಟು ಚೊಕ್ಕ ತಲೆ.

ನಡುಕ ಶುರುವಾದದ್ದು ಎಡಗೈಯಿಂದ.
ಎಡಗೈ ತಾನೆ ಎಂದುಕೊಂಡೆ.
ಆಮೇಲೊಂದು ಶನಿವಾರ, ಹುಡುಗನೊಬ್ಬನ ಕಿವಿಯಂಚಿನಲ್ಲಿ
ಸಾಸಿವೆಯಷ್ಟು ರಕ್ತ.
ಅವನು ಅಳಲೂ ಇಲ್ಲ, ಕನ್ನಡಿಯಲ್ಲಿ ನನ್ನನ್ನೇ ನೋಡಿದ.
ಸೋಮವಾರ ಬೋರ್ಡು ಇಳಿಸಿದೆ.

ಆಗ ನನ್ನದು ಬೆಳೆಯತೊಡಗಿತು.
ಕಾಲರು ದಾಟಿತು, ಕಿವಿ ಮುಚ್ಚಿತು.
ಮುಂದಿನ ಕ್ಷೌರದಂಗಡಿ ನೂರು ಮೈಲಿ,
ಅಲ್ಲಿಯ ಹುಡುಗಿ ಕೇಳುತ್ತಾಳಂತೆ: ಎಷ್ಟನೆಯ ನಂಬರು?
ನನಗೆ ನನ್ನ ತಲೆಯ ನಂಬರು ಗೊತ್ತಿಲ್ಲ.

ಮಾರ್ಚಿನಲ್ಲಿ ಎಯ್ನೊ ಬಂದ. ಕೇಳದೆಯೇ
ನನ್ನ ಗೇಟಿನ ಹಿಮ ತೆಗೆದ. ಸಲಿಕೆಗೆ ಒರಗಿ ನಿಂತು ನೋಡಿದ.
‘ಯೂರೆ, ಗ್ಯಾರೇಜಿಗೆ ಬಾ.’
ಅವರ ಜನ ಅದಕ್ಕಿಂತ ಹೆಚ್ಚು ಮಾತಾಡುವುದಿಲ್ಲ.

ಬಣ್ಣದ ಡಬ್ಬಗಳ ನಡುವೆ ಒಂದು ಸ್ಟೂಲು.
ಯಂತ್ರ ಹಚ್ಚಿದ್ದೇ ತಡ ನಾಯಿ ಓಡಿತು.
ನಾನೂ ಓಡುತ್ತಿದ್ದೆ, ಆದರೆ ಅಷ್ಟರಲ್ಲಿ
ಅವನ ಅಂಗೈ ನನ್ನ ನೆತ್ತಿಯ ಮೇಲಿತ್ತು,
ತಲೆಯನ್ನು ಒಂಚೂರು ಬಲಕ್ಕೆ ವಾಲಿಸಿತು.
ನಾನು ಸಾವಿರ ಜನಕ್ಕೆ ಮಾಡಿದ್ದು ಅದೇ.
ನನಗೆ ಯಾರೂ ಮಾಡಿರಲಿಲ್ಲ, ಅಪ್ಪ ಸತ್ತ ಮೇಲೆ.

ಎಳೆಯಿತು, ಕಚ್ಚಿತು, ಬಿಟ್ಟಿತು. ನೋವಿಲ್ಲ.
ಯಾರೋ ಬುಡದಲ್ಲಿ ನಿಂತು
ಒಂದೊಂದೇ ಕೂದಲಿನ ಹೆಸರು ಕೂಗಿ ಎಬ್ಬಿಸಿದ ಹಾಗೆ.
ಎರಡು ಇಂಚಿನ ಪ್ಲಾಸ್ಟಿಕ್ ಬಿಲ್ಲೆ ತೆಗೆದು ಒಂದರದ್ದು ಹಾಕಿದ.
ಕಿವಿಯ ಸುತ್ತ ತಪ್ಪು ಮಾಡಿದ, ನನಗೆ ತಿಳಿಯಿತು.
ಸುಮ್ಮನಿದ್ದೆ.

ಸ್ವಿಚ್ಚು ಆರಿತು. ಆ ಸದ್ದಿಲ್ಲದಿರುವಿಕೆಯಲ್ಲಿ
ಎದ್ದು ನಿಂತು ಪೊರಕೆ ಹುಡುಕಿದೆ,
ನಲವತ್ತೊಂದು ವರ್ಷದ ಅಭ್ಯಾಸ.
ನೆಲದ ಮೇಲೆ ಏನೂ ಇರಲಿಲ್ಲ. ಒಂದು ಎಳೆಯೂ.

‘ಎಷ್ಟಾಯಿತು?’ ಎಂದೆ.
ಅವನು ಕೊಳವೆ ಸುತ್ತುತ್ತ ಬಹಳ ಹೊತ್ತು ಯೋಚಿಸಿದ.
‘ಆರು ಡಾಲರು’ ಎಂದ.
‘ಕೊನೆಯ ಸಲ ನಿನ್ನ ಬೋರ್ಡಿನಲ್ಲಿದ್ದದ್ದು ಅಷ್ಟು.’