ನೀರಗೆರೆಯ ಕೆಳಗೆ

ಧಾರವಾಡದಲ್ಲಿ ನನ್ನ ಪ್ಲೈವುಡ್ ತುಂಡುಗಳನ್ನು
ಬಿಳಿ ಗೋಡೆಗೆ ತೂಗುಹಾಕಿದ್ದರು.
ಒಬ್ಬಾತ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಕೇಳಿದ:
‘ಅಕ್ಷರ ಹೀಗೆ ವಾಲಿದ್ದು ಉದ್ದೇಶಪೂರ್ವಕವೆ?’

ನಾನೂ ಆಗಲೇ ನೋಡಿದ್ದು.
‘ಮಹಾಸತಿ’ಯ ಮ ಮುಂದಕ್ಕೆ ಮುಗ್ಗರಿಸಿ
ತಿ ಹಿಂದಕ್ಕೆ ಜೋತು
ನಡುವಿನವು ಯಾರೋ ಅರ್ಧ ಎಳೆದು ಬಿಟ್ಟ ಬಲೆಯ ಹಾಗೆ.

ಹತ್ತೊಂಬತ್ತು ವರ್ಷ
ದೋಣಿಯ ಮೂತಿಗೆ ಹೆಸರು ಬರೆದ ಕೈ ಇದು.
ಅಲ್ಲಿ ಹಲಗೆಯೆಂದರೆ ತುಂಬು ಬಸುರಿಯ ಹೊಟ್ಟೆ,
ನೆಟ್ಟಗೆ ಬರೆದರೆ ದಡದಿಂದ ಸೊಟ್ಟ,
ಸೊಟ್ಟಗೆ ಬರೆದರಷ್ಟೇ ನೆಟ್ಟಗೆ.
ಕಲಿಸಿದವ ತದಡಿಯ ಜಟ್ಟಪ್ಪ ಅಂಬಿಗ.
ಬಾಯಲ್ಲಿ ಹೇಳಿದ್ದಿಲ್ಲ,
ಕುಂಚದ ಹಿಡಿಯಿಂದ ಮೊಣಕೈಗೆ ಹೊಡೆದದ್ದು.
ಅವನಿಗೆ ಓದು ಬರುತ್ತಿರಲಿಲ್ಲ.
ಗಂಗಾಮಾತಾ, ಅಲ್-ಅಮೀನ್, ಸೇಂಟ್ ಆಂತೋನಿ
ಎಲ್ಲವೂ ಅವನಿಗೆ ಬೆನ್ನು, ಹೊಟ್ಟೆ, ಬಾಲ.
ನನ್ನ ‘ಕ’ಕ್ಕೆ ಇವತ್ತಿಗೂ ಕಿವಿರುಗಳಿವೆ.

ಜೂನಿನಲ್ಲಿ ದೋಣಿಗಳು ಮೇಲೆ ಬಂದಾಗ ನಮ್ಮ ಸುಗ್ಗಿ.
ತಾಡಪಾಲಿನ ಕೆಳಗೆ ನಾಲ್ಕು ದಿನಕ್ಕೊಂದು ಪದರ,
ಒಣಗಿತೆಂದು ಮುಟ್ಟಿದರೆ ಬೆರಳಿಗೇ ಬರುವ ಬಣ್ಣ.
ಪತ್ರಿಕೆಯಲ್ಲಿ ಬರೆದಿದ್ದರು, ‘ಧ್ಯಾನಸ್ಥ ಲಯ.’
ಅದು ತೇವ, ಮಾರಾಯರೆ.
ಆ ನೀಲಿಯೂ ಅಷ್ಟೆ,
ಪಾಂಡು ಹರಿಕಂತ್ರನ ದೋಣಿಗೆ ಬಳಿದು ಉಳಿದದ್ದು.

ಇದನ್ನೆಲ್ಲ ಹೇಳಬೇಕಿತ್ತು.
‘ಹೌದು, ಉದ್ದೇಶಪೂರ್ವಕ’ ಎಂದೆ.
ಆತ ಬರೆದುಕೊಂಡ.
ರಾತ್ರಿ ಬಸ್ಸು ಅರಬೈಲ್ ಘಟ್ಟ ಇಳಿಯುವಾಗ
ಪ್ರತಿ ತಿರುವಿನಲ್ಲೂ ಆ ಮಾತು
ಹೊಟ್ಟೆಯೊಳಗೆ ಮಗುಚಿಕೊಂಡಿತು.

ಬೆಳಿಗ್ಗೆ ದಕ್ಕೆಯಲ್ಲಿ ಒಂದು ಹಳೆ ದೋಣಿ ಕಾಯುತ್ತಿತ್ತು.
ನೀರಗೆರೆಯ ಕೆಳಗೆ ಚಿಪ್ಪು ಕೆರೆದೆ,
ಕೆಂಪು ಕೆರೆದೆ, ಅದರಡಿಯ ಕೆಂಪು, ಅದರಡಿಯ ಹಸಿರು.
ಆಮೇಲೆ ಬಂತು ಒಂದು ಹೆಬ್ಬೆಟ್ಟು.

ಧಾರವಾಡದಲ್ಲಿ ಮೂಲೆಗೊಂದು ಸಹಿ ಬೇಕೆಂದಿದ್ದರು.
ಇಲ್ಲಿ ಯಾರೂ ಕೇಳುವುದಿಲ್ಲ.
ಸೊಸೈಟಿಯ ಸಾಲಕ್ಕೆ ಒತ್ತಿದ್ದ ಅದೇ ಬೆರಳನ್ನು
ಜಟ್ಟಪ್ಪ ಯಾರಿಗೂ ಕಾಣದಲ್ಲಿ ಒತ್ತಿ
ಸಮುದ್ರಕ್ಕೆ ಬಿಟ್ಟಿದ್ದ.

‘ಎಂತ ಮಾಡ್ತೆ ಅಲ್ಲಿ ಕೂತ್ಕಂಡು? ಬೇಗ ಹೊಡಿ!’
ಮೇಲಿಂದ ಪಾಂಡುವಿನ ಹೆಂಡತಿ.

ನನ್ನ ಹೆಬ್ಬೆರಳು ಇಟ್ಟು ನೋಡಿದೆ.
ಅವನದು ಚಿಕ್ಕದು. ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ.
ಅಷ್ಟು ಜಾಗ ಕೆರೆಯದೆ ಬಿಟ್ಟು
ಮೇಲೆ ಕೆಂಪು ಬಳಿದೆ.