ತೊಳೆದ ಕೂದಲು

ಗುರುವಾರದ ಭೇಟಿಗೆಂದು ಸೋಮವಾರವೇ ಕೂದಲು ತೊಳೆದೆ,
ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು,
ಒಂದು ಕೈ ಸೋತಾಗ ಇನ್ನೊಂದರಿಂದ.
ಮಂಗಳವಾರ, ಬುಧವಾರ, ಪರದೆ ಎಳೆದ ಕೋಣೆಯಲ್ಲಿ
ಆ ಕೂದಲಿನ ಸಾಲ ತೀರಿಸುತ್ತ ಮಲಗಿದ್ದೆ.

ಕರೆದೊಯ್ದವಳು ಮೇಲಿನ ಮನೆಯ ಇಸ್ಮೆತಾ.
ಗೋಥೆನ್‌ಬರ್ಗಿನ ನವೆಂಬರ್, ಮೂರೂವರೆಗೇ ಮಬ್ಬು.
ಕಾರಿನ ಕಿಟಕಿಯಾಚೆ ಹನ್ನೊಂದನೇ ನಂಬರಿನ ಟ್ರಾಮ್
ಗಂಟೆ ಬಾರಿಸಿ ತಿರುವು ತೆಗೆದುಕೊಂಡಿತು.
ಹದಿನಾಲ್ಕು ವರ್ಷ ಅದನ್ನು ಓಡಿಸಿದವಳು
ಎರಡೂ ಕಿವಿ ಮುಚ್ಚಿಕೊಂಡೆ.

ಲಿಫ್ಟ್ ಕೆಟ್ಟಿತ್ತು.
ನಲವತ್ತನಾಲ್ಕು ಮೆಟ್ಟಿಲು. ಹನ್ನೊಂದಕ್ಕೊಮ್ಮೆ ಕೂತೆ.
ಇಳಿದು ಬರುತ್ತಿದ್ದ ಹುಡುಗನೊಬ್ಬ ನಿಂತು
"ಏನಾದರೂ ಕಳೆದುಕೊಂಡಿರಾ?" ಎಂದ.
ಇಲ್ಲವೆಂದೆ.
ಹೌದೆಂದಿದ್ದರೆ ವಿವರಿಸಲು ಉಸಿರು ಸಾಲುತ್ತಿರಲಿಲ್ಲ.

ಡಾಕ್ಟರ್ ಓಕರ್‌ಲಿಂಡ್ ಮುಂದೆ ವಿಮೆ ಕಚೇರಿಯ ಪತ್ರ:
ಈಕೆಯ ಕಾಯಿಲೆ ಮೈಯದೋ ಮನಸ್ಸಿನದೋ, ತಿಳಿಸತಕ್ಕದ್ದು.
"ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸುತ್ತದೆಯೇ?"
ನಗು ಬಂತು.
ಆಸಕ್ತಿಯೇ!
ಸಾಲ್ಟ್‌ಹೋಲ್ಮೆನ್ನಿನ ಬಂಡೆಯಿಂದ ಕೊರೆಯುವ ಕಡಲಿಗೆ ಧುಮುಕಬೇಕು ನನಗೆ,
ತಂಗಿಯ ಮಗಳು ಪಿಟೀಲು ಕುಯ್ಯುವುದನ್ನು ಕೊನೆಯವರೆಗೆ ಕೇಳಬೇಕು,
ಯಾರೊಂದಿಗಾದರೂ ಜಗಳವಾಡಬೇಕು, ಗಂಟಲು ಹರಿಯುವಂತೆ, ಬಾಗಿಲು ಬಡಿದು,
ನಿಂತುಕೊಂಡು ಈರುಳ್ಳಿ ಹೆಚ್ಚಬೇಕು.
ಇದಿಷ್ಟೂ ನಾಲಿಗೆಯ ತುದಿಗೆ ಬಂತು.
ಹೇಳಿದ್ದು, "ಇದೆ."

ಅವರು ಬರೆದುಕೊಂಡರು.
ಕೆಲಸಕ್ಕೆ ಸೇರಿದ ಹೊಸದರಲ್ಲಿ ಟಿಕೆಟ್ ತಪಾಸಣೆ ಮಾಡಿದ ಕಣ್ಣು,
ತಲೆಕೆಳಗಾದ ಅಕ್ಷರವನ್ನೂ ಓದುತ್ತದೆ:
ಉಡುಪು ಅಚ್ಚುಕಟ್ಟು. ಕೂದಲು ತೊಳೆದಿದೆ.

"ಈ ದಣಿವು ಹೇಗಿರುತ್ತದೆ?"
ದಣಿವಿಗೊಂದು ಮರ್ಯಾದೆಯಿದೆ ಡಾಕ್ಟರೇ,
ಅದು ದುಡಿದವರ ಹತ್ತಿರ ಬರುತ್ತದೆ, ನಿದ್ದೆ ಕೊಟ್ಟರೆ ಎದ್ದು ಹೋಗುತ್ತದೆ.
ಇದು ಬೇರೆ.
ಟ್ರಾಮಿನಲ್ಲೊಂದು ಪೆಡಲಿರುತ್ತದೆ, ಕಾಲು ಒತ್ತಿಯೇ ಇರಬೇಕು.
ಚಾಲಕ ಸತ್ತುಬಿದ್ದರೆ ಕಾಲು ಸಡಿಲಿ ಬಂಡಿ ತಾನೇ ನಿಲ್ಲುತ್ತದೆ.
ಸತ್ತವನ ಪೆಡಲು ಅನ್ನುತ್ತೇವೆ.
ನಾನು ಸತ್ತಿಲ್ಲ. ಕಾಲು ತೆಗೆದಿಲ್ಲ.
ಬಂಡಿ ನಿಂತಿದೆ.
ಹಿಂದೆ ಅಷ್ಟೂ ಜನ ಗಡಿಯಾರ ನೋಡಿಕೊಳ್ಳುತ್ತಿದ್ದಾರೆ.

ಇಷ್ಟು ಹೇಳುವಷ್ಟರಲ್ಲಿ ಪೆಡಲಿಗೆ ಎರಡು ಸಲ
ಚಮಚ ಎಂದಿದ್ದೆ. ಅವರು ತಿದ್ದಲಿಲ್ಲ.
ಎದ್ದು ದೀಪ ಆರಿಸಿದರು, ಸೋಫಾದ ದಿಂಬು ತಂದು
ನೆಲದ ಮೇಲಿಟ್ಟು, "ಮಲಗಿಕೊಂಡೇ ಮಾತಾಡಿ" ಎಂದರು.
ಮೇಜಿನಡಿ ಅವರ ಬೂಟು ಕಂಡವು, ಒಂದರ ದಾರ ಬಿಚ್ಚಿತ್ತು.
ಹೇಳಬೇಕಿತ್ತು. ಮಾತನ್ನೂ ಎಣಿಸಿ ಖರ್ಚು ಮಾಡುವವಳು,
ಸುಮ್ಮನಾದೆ.

"ನಿಮಗೆ ಖಿನ್ನತೆಯಿಲ್ಲ. ಹಾಗೆಂದೇ ಬರೆಯುತ್ತೇನೆ."

ಆರು ವರ್ಷ ಕಾದ ಮಾತು. ಬಂದಾಗ ಎದೆ ಧಸಕ್ಕೆಂದಿತು.
ಖಿನ್ನತೆಯಾಗಿದ್ದರೆ ಅದಕ್ಕೊಂದು ಮಾತ್ರೆಯಿತ್ತು,
ಪ್ರತಿ ಗುರುವಾರ ಈ ಕತ್ತಲ ಕೋಣೆಯಿತ್ತು,
ಬಿಚ್ಚಿದ ದಾರದ ಈ ಮನುಷ್ಯನಿದ್ದ.
ನನ್ನದಲ್ಲದ ಕಾಯಿಲೆಗೆ ಆಸೆಪಟ್ಟೆ, ಒಂದು ಗಳಿಗೆ,
ಕಿಟಕಿಯಲ್ಲಿ ಕಂಡ ಅಂಗಿಗೆ ಆಸೆಪಟ್ಟಂತೆ.
"ಹಾಗಾದರೆ ನಾನಿನ್ನು ಯಾರ ಹತ್ತಿರ ಹೋಗಲಿ?"
"ಗೊತ್ತಿಲ್ಲ" ಎಂದರು.
ಬಿಳಿ ಗೋಡೆಗಳ ನಡುವೆ ಆ ಮಾತು ಕೇಳಿದ್ದು ಅದೇ ಮೊದಲು.

ಏಳುವ ಮುಂಚೆ ಕೇಳಿಕೊಂಡೆ:
ಕೂದಲಿನ ಸಾಲಿದೆಯಲ್ಲ, ಅದರ ಮುಂದೆ
ಸೋಮವಾರ ಎಂದು ಸೇರಿಸಿ.
ಯಾಕೆಂದು ಕೇಳಿದರು. ಹೇಳಿದೆ.
ಪೆನ್ನು ತುಸು ಹೊತ್ತು ಗಾಳಿಯಲ್ಲೇ ಇದ್ದು, ಇಳಿಯಿತು.

ಇಳಿಯುವಾಗಲೂ ಹನ್ನೊಂದಕ್ಕೊಮ್ಮೆ ಕೂತೆ.
ಈ ಗುರುವಾರದ ಬಾಕಿ ಭಾನುವಾರ ದಾಟುತ್ತದೆ.
ಇಸ್ಮೆತಾ ಪಕ್ಕದಲ್ಲಿ ಕೂತಳು, ಏನಾಯಿತೆಂದು ಕೇಳಲಿಲ್ಲ,
ಕೋಟಿನ ಜೇಬಿನಿಂದ ಕಿತ್ತಳೆ ತೆಗೆದು
ಸಿಪ್ಪೆ ಸುಲಿಯತೊಡಗಿದಳು.